ಕೆಂಪು ಕೈಗಳು ಏಳಲಿಲ್ಲ

ಯೋಸ್ಟ್ ಫೀಗಿ ಮೊದಲ ಸಲ ನಾಡಯಜಮಾನನಾಗಿ ಆರಿಸಿ ಬಂದಾಗ ಕಣಿವೆಯ ಜನ ಆಡಿಕೊಂಡ ಮಾತೊಂದಿತ್ತು. "ಅವನಿಗೆ ಎದ್ದ ಕೈಗಳನ್ನ ನೋಡಬೇಕಿತ್ತು ಮಾರಾಯ, ಮೈದಾನಕ್ಕೆ ಮೈದಾನವೇ ಹಣ್ಣು ಬಿಟ್ಟ ಚೆರ್ರಿ ಮರ!"

ಅದು ಬರೀ ಹೊಗಳಿಕೆಯಲ್ಲ. ಇಸ್ತಾಂಬುಲಿನ ಹೆಂಗಸರು ಕಟ್ಟುವ ತಲೆವಸ್ತ್ರಗಳಿಗೆ ಅವನ ಕಾರ್ಖಾನೆಯಲ್ಲಿ ಅಚ್ಚು ಹಾಕುತ್ತಿದ್ದರು. ಅಲ್ಲಿ ದುಡಿಯುವವರ ಕೈ ಉಗುರಿನಿಂದ ಮಣಿಕಟ್ಟಿನವರೆಗೆ ಕೆಂಪು. ಭಾನುವಾರ ಬೂದಿ ಹಾಕಿ ತಿಕ್ಕಿದರೂ ಬಿಡದ ಕೆಂಪು. ಕೆಳಗಿನ ಊರಿನ ಕಾರ್ಖಾನೆಯವರ ಕೈ ನೀಲಿ, ದನ ಕಾಯುವವರ ಕೈ ಕಂದು, ಅಂಗಡಿಯವರದು ಬಿಳಿ. ಒಂದು ಕೈ ಮೇಲೆದ್ದರೆ ಸಾಕು, ಅದು ಯಾರ ಬಾಗಿಲಿನಿಂದ ಹೊರಟು ಬಂದ ಕೈ ಎಂದು ನಡುವೆ ನಿಂತವನಿಗೆ ಗೊತ್ತಾಗಿಬಿಡುತ್ತಿತ್ತು.

ಆ ನಾಡಿನಲ್ಲಿ ಮತ ಎಂದರೆ ಕೈ. ಮೇ ತಿಂಗಳ ಮೊದಲ ಭಾನುವಾರ ಗಂಡಸರೆಲ್ಲ ಕಪ್ಪು ಕೋಟು ಹಾಕಿಕೊಂಡು ಮೈದಾನದಲ್ಲಿ ಮರದ ಹಲಗೆಗಳಿಂದ ಕಟ್ಟಿದ ವೃತ್ತದೊಳಗೆ ಬಂದು ನಿಲ್ಲುತ್ತಾರೆ. ನಡುವೆ ಸಣ್ಣದೊಂದು ಮರದ ಜಗಲಿ. ಅದರ ಮೇಲೆ ನಾಡಯಜಮಾನ, ಹಳೆಯ ಉದ್ದ ಕತ್ತಿಯೊಂದಕ್ಕೆ ಒರಗಿಕೊಂಡು. ಒಂದೊಂದೇ ವಿಷಯ ಓದುತ್ತಾನೆ, ಬೇಕೆನ್ನುವವರು ಕೈ ಎತ್ತುತ್ತಾರೆ, ಆಮೇಲೆ ಬೇಡವೆನ್ನುವವರು. ಯಾರೂ ಎಣಿಸುವುದಿಲ್ಲ. ಯಜಮಾನ ಕಣ್ಣಾಡಿಸಿ "ಹೆಚ್ಚು" ಅಂದರೆ ಹೆಚ್ಚು, "ಕಡಿಮೆ" ಅಂದರೆ ಕಡಿಮೆ. ಅದಕ್ಕೆ ಎದುರು ಮಾತಿಲ್ಲ, ಮೇಲೆ ಹೇಳಿಕೊಳ್ಳಲು ಇನ್ನೊಂದು ಬಾಗಿಲೂ ಇಲ್ಲ.

ಇಷ್ಟು ದೊಡ್ಡ ನಂಬಿಕೆ ಒಬ್ಬನ ಎರಡು ಕಣ್ಣಿನ ಮೇಲೆ ಕೂತಿದ್ದರಿಂದಲೇ ಯೋಸ್ಟ್ ತನ್ನ ಬಾಯಿಗೆ ಬೀಗ ಹಾಕಿಕೊಂಡಿದ್ದ. ಅವನಿಗಿಂತ ಮುಂಚೆ ಇದ್ದ ಯಜಮಾನನಿಗೆ ಜನ "ಮೆಳ್ಳಗಣ್ಣ" ಎಂದು ಹೆಸರಿಟ್ಟಿದ್ದರು. ಕಣ್ಣು ನೆಟ್ಟಗೇ ಇತ್ತು ಪಾಪ, ಅಳೆಯುವಾಗ ಮಾತ್ರ ಅದು ಭಾವಮೈದುನ ನಿಂತ ಕಡೆ ವಾಲುತ್ತಿತ್ತಂತೆ. ತನ್ನನ್ನು ಹಾಗೆ ಯಾರೂ ಅನ್ನಬಾರದು ಎಂಬುದು ಯೋಸ್ಟನ ಹಟ. ಸಭೆಗೆ ಬರುವ ಯಾವ ವಿಷಯದ ಬಗ್ಗೆಯೂ ತನ್ನ ಮನಸ್ಸಿನಲ್ಲಿ ಏನಿದೆ ಎಂದು ಅವನು ಹೊರಗೆ ಹಾಕುತ್ತಿರಲಿಲ್ಲ. ಹೋಟೆಲಿನಲ್ಲೂ ಇಲ್ಲ, ಇಗರ್ಜಿಯ ಮೆಟ್ಟಿಲ ಮೇಲೂ ಇಲ್ಲ. ನ್ಯಾಯವಂತ ಎನ್ನಿಸಿಕೊಳ್ಳುವುದು ಅವನಿಗೆ ಬರಬರುತ್ತ ರುಚಿಯಾಗಿಬಿಟ್ಟಿತ್ತು ಎಂದರೂ ತಪ್ಪಿಲ್ಲ.

ಹುಟ್ಟಿನಿಂದ ದೊಡ್ಡ ಮನೆಯವನೇನಲ್ಲ. ಅಪ್ಪ ಅಚ್ಚುಗಾರ. ಯೋಸ್ಟ್ ಸಣ್ಣವನಿದ್ದಾಗ ಅಪ್ಪನ ಮೇಜಿನ ಪಕ್ಕ ನಿಂತು, ಅಚ್ಚಿಗೆ ಬಣ್ಣ ಸಮನಾಗಿ ಹತ್ತುವಂತೆ ತೊಟ್ಟಿಯಲ್ಲಿ ಕುಂಚ ಆಡಿಸುತ್ತಿದ್ದ. ಎದುರು ಮೇಜಿನಲ್ಲಿ ಅದೇ ಕೆಲಸಕ್ಕೆ ಹಿಲಾರಿ ಕ್ನೋಬೆಲ್. ಮುಂದೆ ಯೋಸ್ಟ್ ಬಣ್ಣಗಾರನ ಮಗಳು ರೆಗೂಲಾಳನ್ನು ಮದುವೆಯಾದ, ಮಾವನ ಕೊಟ್ಟಿಗೆಯಲ್ಲಿ ಎರಡು ಮೇಜು ಹಾಕಿದ, ತೊಳೆದರೂ ಮಾಸದ ಕೆಂಪಿನ ಹದ ಕಂಡುಕೊಂಡ, ಲಿಂತ್ ನದಿಯ ದಡದಲ್ಲಿ ಕಾರ್ಖಾನೆ ಕಟ್ಟಿಸಿ ಪಕ್ಕದಲ್ಲಿ ಬಟ್ಟೆ ಒಣಗಿಸುವ ಮರದ ಗೋಪುರ ನಿಲ್ಲಿಸಿದ. ಹಿಲಾರಿ ಅಚ್ಚುಗಾರನಾಗಿಯೇ ಉಳಿದ. ಆದರೆ ಫೀಗಿಯ ಕಾರ್ಖಾನೆಯಲ್ಲಿ ಹಿಲಾರಿ ಹೂಂ ಅಂದರೆ ಎಲ್ಲರೂ ಹೂಂ, ಅವನು ತಲೆ ಅಲ್ಲಾಡಿಸಿದರೆ ಎಲ್ಲರ ತಲೆಯೂ ಅಲ್ಲಾಡುತ್ತಿತ್ತು.

ಆ ವರ್ಷ ಸಭೆಗೆ ಬರಲಿದ್ದ ದೊಡ್ಡ ವಿಷಯ ಕೆಲಸದ ಹೊತ್ತಿನದು. ಕಣಿವೆಯ ಎಲ್ಲ ಕಾರ್ಖಾನೆಗಳೂ ಸಂಜೆ ಒಂದು ಗಂಟೆ ಮೊದಲೇ ಜನರನ್ನು ಬಿಡಬೇಕು, ಬಿಡದವರಿಗೆ ದಂಡ.

ಸಭೆಯ ಹಿಂದಿನ ವಾರ ಹಿಲಾರಿ ಯೋಸ್ಟನ ಮನೆಗೆ ಬಂದ. ಎಂದಿನಂತೆ ಮುಂಬಾಗಿಲು ಬಿಟ್ಟು ಅಡುಗೆಮನೆಯ ಬಾಗಿಲಿನಿಂದ.

"ಏನು ಯಜಮಾನ್ರೇ, ಕತ್ತಿಗೆ ಎಣ್ಣೆ ಹಚ್ಚಿದ್ದಾಯ್ತಾ?"

"ಅದು ಇರೋದು ಒರಗಿಕೊಳ್ಳೋಕೆ ಕಣೋ. ವಯಸ್ಸಾಯ್ತಲ್ಲ."

"ನಿಂಗೆ ವಯಸ್ಸಾಗಿದ್ರೆ ನಂಗೇನು ಮೀಸೆ ಮೂಡ್ತಾ ಇದೆಯಾ? ಒಂದೇ ಸೂರಿನ ಕೆಳಗೆ ಮೂಗು ಸುರಿಸಿಕೊಂಡು ಬೆಳೆದೋರು ನಾವು."

ರೆಗೂಲಾ ಹಾಲು ಕಾಫಿ, ಬ್ರೆಡ್ಡು, ಸೊಪ್ಪಿನ ಪುಡಿ ಕಲಸಿದ ಹಸಿರು ಚೀಸು ತಂದಿಟ್ಟಳು. "ಆಫ್ರಾ ಹೇಗಿದ್ದಾಳೆ ಹಿಲಾರಿ?" ಎಂದು ಅವನ ಹೆಂಡತಿಯನ್ನು ವಿಚಾರಿಸಿದಳು.

"ಕೆಮ್ತಾಳೆ, ಬಯ್ತಾಳೆ, ಮತ್ತೆ ಕೆಮ್ತಾಳೆ. ಈಚೆಗೆ ಬಯ್ಯೋದು ಕಡಿಮೆ ಆಗಿದೆ, ಅದೇ ನಂಗೆ ಭಯ." ಹಿಲಾರಿ ಚೀಸನ್ನು ಬ್ರೆಡ್ಡಿಗೆ ಸವರಿದ. "ಬಿಸಿಲಲ್ಲಿ ಕೂರಿಸಿ ಅಂದ್ರು ಡಾಕ್ಟ್ರು. ಮನೆ ಮುಂದೆ ಬೆಂಚು ಮಾಡಿ ಹಾಕಿದೀನಿ, ಇಬ್ರು ಕೂರೋ ಹಾಗೆ. ಏನು ಪ್ರಯೋಜನ? ನಾನು ಗುಡ್ಡ ಹತ್ತಿ ಬರೋ ಹೊತ್ತಿಗೆ ಸೂರ್ಯ ಗ್ಲಾರ್ನಿಷ್ ಬೆಟ್ಟದ ಹಿಂದೆ. ಅವಳು ಶಾಲು ಹೊದ್ದು ಒಳಗೆ. 'ನಿನ್ನ ಮುಖ ನಾನು ಬೆಳಕಲ್ಲಿ ನೋಡೋದು ಭಾನುವಾರ ಒಂದೇ ದಿನ, ಅದೂ ನಿನ್ನ ಪುಣ್ಯ ಅಂದ್ಕೋ' ಅಂತಾಳೆ."

ಮೂವರೂ ನಕ್ಕರು. ನಗು ಬೇಗ ಮುಗಿಯಿತು.

"ಅದಕ್ಕೇ ಕೇಳೋಕೆ ಬಂದೆ," ಎಂದ ಹಿಲಾರಿ. "ಆ ಒಂದು ಗಂಟೆ ಸಿಕ್ಕಿದ್ರೆ ಬೆಂಚಿನ ಮೇಲೆ ಬಿಸಿಲು ಇರುವಾಗಲೇ ನಾನು ಮನೇಲಿರ್ತೀನಿ. ಆದ್ರೆ ಕಾರ್ಖಾನೆ ನಿಂದು. ನಮ್ಮೋರು ನನ್ನ ಮುಖ ನೋಡ್ತಾರೆ, ನಾನು ನಿನ್ನ ಮುಖ ನೋಡ್ತೀನಿ. ಹೇಳು, ಎತ್ತೋದಾ ಬಿಡೋದಾ?"

ಯೋಸ್ಟನಿಗೆ ಆ ಕಾನೂನು ಬೇಕಿತ್ತು. ಇದ್ದ ಕಾರ್ಖಾನೆ ಮಾಲೀಕರಲ್ಲಿ ಅದು ಬೇಕಾಗಿದ್ದವನು ಬಹುಶಃ ಅವನೊಬ್ಬನೇ. ಕೆಲವು ವರ್ಷಗಳ ಹಿಂದೆ ತಾನೊಬ್ಬನೇ ಅರ್ಧ ಗಂಟೆ ಮೊಟಕು ಮಾಡಿ ನೋಡಿದ್ದ. ಕೆಳಗಿನ ಊರಿನವರು ಅದೇ ವಸ್ತ್ರವನ್ನು ಅಗ್ಗಕ್ಕೆ ಕೊಟ್ಟರು, ಇಸ್ತಾಂಬುಲಿನ ವ್ಯಾಪಾರಿಗಳು ಅತ್ತ ಹೋದರು, ಆ ಚಳಿಗಾಲ ಅರ್ಧ ಮೇಜುಗಳು ಖಾಲಿ ನಿಂತವು. ಕೊನೆಗೆ ಅಚ್ಚುಗಾರರೇ ಬಂದು ಹಳೆಯ ಹೊತ್ತೇ ಇರಲಿ ಎಂದು ಬೇಡಿಕೊಂಡಿದ್ದರು. ಎಲ್ಲರನ್ನೂ ಒಟ್ಟಿಗೆ ಕಟ್ಟುವ ಕಾನೂನು ಬಂದರೆ ಮಾತ್ರ ಇದು ಆಗುವ ಕೆಲಸ ಎಂದು ಅವನಿಗೆ ಅವತ್ತೇ ಗೊತ್ತಾಗಿತ್ತು.

"ಎತ್ತಿ" ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮೆಳ್ಳಗಣ್ಣ ಎಂಬ ಹೆಸರು ನೆನಪಾಯಿತು. ಯೋಸ್ಟ್ ಬೆನ್ನು ನೆಟ್ಟಗೆ ಮಾಡಿದ. ಜಗಲಿಯ ಮೇಲೆ ನಿಂತಾಗ ಬರುವ ದನಿ ಅಡುಗೆಮನೆಯಲ್ಲೇ ಬಂದುಬಿಟ್ಟಿತು.

"ಅದು ನಾನು ಹೇಳೋ ಮಾತಲ್ಲ ಹಿಲಾರಿ. ಎತ್ತಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ನಿಮಗೆ ಹೇಗೆ ಅನ್ನಿಸುತ್ತೋ ಹಾಗೆ ಮಾಡಿ."

ಹಿಲಾರಿ ಅವನನ್ನೇ ನೋಡಿದ. ಯೋಸ್ಟ್ ಕಾಫಿ ಬಟ್ಟಲನ್ನು ನೋಡುತ್ತಿದ್ದ.

"ಆಯ್ತು ಬಿಡು," ಎಂದ ಹಿಲಾರಿ, ಟೋಪಿ ಎತ್ತಿಕೊಂಡು. "ಅರ್ಥ ಆಯ್ತು."

ಅವನು ಹೋದ ಮೇಲೆ ರೆಗೂಲಾ ಬಟ್ಟಲು ಎತ್ತುತ್ತ ಹೇಳಿದಳು: "ಅರ್ಥ ಆಯ್ತು ಅಂದ್ನಲ್ಲ. ಏನು ಅರ್ಥ ಆಯ್ತು ಅಂತ ನೀವು ಕೇಳಬೇಕಿತ್ತು."

"ಹಿಲಾರಿಗೆ ನನ್ನ ಮನಸ್ಸು ಗೊತ್ತಿಲ್ವಾ? ಐವತ್ತು ವರ್ಷದ ಸ್ನೇಹ."

"ನಂಗೇ ಗೊತ್ತಾಗಲ್ಲ, ಒಂದೇ ಹಾಸಿಗೇಲಿ ಮಲಗ್ತೀನಿ."

ಭಾನುವಾರ ಬೆಳಗ್ಗೆ ಬೆಟ್ಟದ ತುದಿಗೆ ಇನ್ನೂ ಹಿಮ, ಮೈದಾನದಲ್ಲಿ ಹುಲ್ಲು ಹಸಿ. ನೀಲಿ ಕಾರ್ಖಾನೆಯ ಬಣ್ಣಗಾರನೊಬ್ಬ ಮುಂದೆ ಬಂದು, ಟೋಪಿ ಕೈಯಲ್ಲಿ ಹಿಂಡುತ್ತ, ಕಾನೂನು ಬೇಕೆಂದು ಮಾತಾಡಿದ. "ನನ್ನ ಸಣ್ಣ ಮಗ ನನ್ನನ್ನ ಯಾರೋ ನೆಂಟ್ರು ಅಂದ್ಕೊಂಡಿದಾನೆ, ಭಾನುವಾರ ಭಾನುವಾರ ಬಂದು ಹೋಗೋರು," ಎಂದಾಗ ಜನ ಗೊಳ್ಳೆಂದು ನಕ್ಕರು. ಆಮೇಲೆ ಮಾಲೀಕನೊಬ್ಬ ಎದ್ದು, ಹೀಗಾದರೆ ಕೆಲಸವೇ ಕಣಿವೆ ಬಿಟ್ಟು ಹೋದೀತು ಎಂದ. ಅದಕ್ಕೆ ಯಾರೂ ನಗಲಿಲ್ಲ.

"ಬೇಕೆನ್ನುವವರು ಕೈ ಎತ್ತಿ," ಎಂದ ಯೋಸ್ಟ್.

ಎಡಗಡೆ ನೀಲಿ ಕೈಗಳು ಹಿಂಡುಹಿಂಡಾಗಿ ಎದ್ದವು. ದನಗಾಹಿಗಳ ನಡುವೆ ಅಲ್ಲೊಂದು ಇಲ್ಲೊಂದು ಕಂದು ಕೈ. ಅಂಗಡಿಯವರು ಕೂಡ, ಅವನು ನಿರೀಕ್ಷಿಸದಷ್ಟು. ಅವನೆದೆ ಹಗುರಾಯಿತು. ಇನ್ನು ಮೈದಾನದ ಬದಿಯ ಕೊಳದ ಬಳಿ ನಿಂತ ತನ್ನ ಅಚ್ಚುಗಾರರು ಎತ್ತಿದರೆ ಮುಗಿಯಿತು. ಆ ಕಡೆ ತಿರುಗಿದ.

ಅಲ್ಲಿ ಒಂದು ಕೈಯೂ ಮೇಲಿರಲಿಲ್ಲ.

ಕೆಂಪು ಕೈಗಳೆಲ್ಲ ಕೋಟಿನ ಜೇಬಿನಲ್ಲಿ, ಬೆನ್ನ ಹಿಂದೆ, ಕಂಕುಳ ಸಂದಿನಲ್ಲಿ. ಮುಂದಿನ ಸಾಲಿನಲ್ಲಿ ಹಿಲಾರಿ ಎದೆಗೆ ಕೈ ಕಟ್ಟಿ ನಿಂತಿದ್ದ, ಕಾವಲುಗಾರನ ಹಾಗೆ. ಹಿಂದೆ ಯಾವನೋ ಚಡಪಡಿಸಿದ್ದಕ್ಕೆ ಅವನು ಮೊಣಕೈಯಿಂದ ತಿವಿದದ್ದೂ ಯೋಸ್ಟನಿಗೆ ಕಂಡಿತು. ಆಮೇಲೆ ಹಿಲಾರಿ ಜಗಲಿಯ ಕಡೆ ನೋಡಿ ಕಣ್ಣಲ್ಲೇ ಸಣ್ಣಗೆ ನಕ್ಕ. ಚಿಂತೆ ಬೇಡ, ನಾನಿದ್ದೀನಿ ಎನ್ನುವ ನಗು.

ಯೋಸ್ಟನಿಗೆ ಆಗ ತಿಳಿಯಿತು, ಅಡುಗೆಮನೆಯಲ್ಲಿ ಹಿಲಾರಿಗೆ ಏನು ಅರ್ಥವಾಗಿತ್ತು ಎಂದು.

"ಬೇಡವೆನ್ನುವವರು." ಮಾಲೀಕರ, ಉಳಿದ ಅಂಗಡಿಯವರ, ದನಗಾಹಿಗಳ ಕೈಗಳು ಎದ್ದವು. ಕೆಂಪು ಕೈ ಇದಕ್ಕೂ ಏಳಲಿಲ್ಲ. ಅಷ್ಟಾದರೂ ಎರಡೂ ಕಡೆ ಸರಿಸುಮಾರು ಸಮ ಕಂಡಿತು. ಇನ್ನೊಮ್ಮೆ ಎತ್ತಿಸಿದ. ಹಿಲಾರಿ ಈ ಸಲವಾದರೂ ತನ್ನ ಮುಖ ಓದಲಿ ಎಂದು ಅವನನ್ನೇ ದಿಟ್ಟಿಸಿದ. ಮಾಲೀಕ ಹಾಗೆ ದಿಟ್ಟಿಸಿದ್ದು ಕಂಡು ಕೆಂಪು ಕೈಗಳು ಜೇಬಿನಲ್ಲಿ ಇನ್ನಷ್ಟು ಆಳಕ್ಕೆ ಇಳಿದವು.

ಎರಡನೆಯ ಸಲ ಬೇಡವೆನ್ನುವ ಕಡೆ ತುಸು ಹೆಚ್ಚು ಕೈಗಳಿದ್ದವು. ತುಸುವೇ. ಅವನು "ಹೆಚ್ಚು" ಎಂದಿದ್ದರೆ ಕೇಳುವವರು ಯಾರು? ಬಾಯಿ ತೆರೆದ. ಕಣ್ಣಿಗೆ ಕಂಡದ್ದೇ ಬಾಯಿಗೆ ಬಂತು.

"ಕಡಿಮೆ."

ಮಧ್ಯಾಹ್ನ ಹೋಟೆಲಿನಲ್ಲಿ ಸಭೆಯ ದಿನದ ಊಟ. ಕರುವಿನ ಬಿಳಿ ಸಾಸೇಜು, ಹಿಚುಕಿದ ಆಲೂಗಡ್ಡೆ, ಬೇಯಿಸಿದ ಒಣ ಪ್ಲಮ್ಮು. ಯೋಸ್ಟ್ ಫೋರ್ಕಿನಿಂದ ಪ್ಲಮ್ಮನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ಉರುಳಿಸುತ್ತಿದ್ದ. ಹಿಲಾರಿ ಬಂದು ಪಕ್ಕದಲ್ಲೇ ಧೊಪ್ಪನೆ ಕೂತ.

"ನೋಡಿದ್ಯಾ? ಒಬ್ಬನಾದ್ರೂ ಎತ್ತಿದ್ನಾ? ನಿನ್ನ ಕೆಳಗೆ ದುಡಿದು, ನಿನ್ನ ಕಣ್ಣೆದುರೇ ನಿನ್ನ ವಿರುದ್ಧ ಕೈ ಎತ್ತೋದು ಅಂದ್ರೆ ಏನು ಚೆಂದ? ಆ ಹುಡುಗ ಒಬ್ಬ ಕುಣೀತಿದ್ದ, ತಿವಿದೆ ನೋಡು, ಪಕ್ಕೆ ನೋವಲ್ಲಿ ಇವತ್ತು ಸಾಸೇಜೂ ಇಳೀತಿಲ್ಲ ಅವನಿಗೆ!"

"ನೀನು... ನಿನಗೆ ಬೇಕಿತ್ತಲ್ಲ ಹಿಲಾರಿ ಅದು."

"ಬೇಕಿತ್ತು. ಅದೇನು ಗುಟ್ಟಾ? ಆದ್ರೆ ನಿನ್ನ ಮಾನ ಮುಖ್ಯ ಅಲ್ವಾ. ನಾವು ಎತ್ತಿದ್ದಿದ್ರೆ, ನಾಡಿಗೆಲ್ಲ ಯಜಮಾನ, ತನ್ನ ಕಾರ್ಖಾನೇಲೇ ಅವನ ಮಾತು ನಡೆಯಲ್ಲ ಅಂತ ಆಡಿಕೋತಿದ್ರು." ಹಿಲಾರಿ ಅವನ ಬೆನ್ನಿಗೊಂದು ಹೊಡೆದ. "ಉಣ್ಣು, ಆರುತ್ತೆ."

ಹೇಳಬೇಕಾದದ್ದು ಆಗ. ಯೋಸ್ಟ್ ಮುಂದೆ ಎಷ್ಟೋ ಸಲ ಆ ಮೇಜನ್ನು ನೆನಪಿಗೆ ತಂದುಕೊಂಡು, ಮನಸ್ಸಿನಲ್ಲೇ ಪ್ರತಿ ಸಲವೂ ಹೇಳಿದ. ಆದರೆ ಅಂದು ಹಿಲಾರಿಯ ಮುಖದ ಮೇಲೆ ಅಷ್ಟು ಸಂತೋಷ, ಅಷ್ಟು ಹೆಮ್ಮೆ ಇತ್ತು. ತನಗೆ ಬೇಕಾದದ್ದನ್ನು ಕೈಯಾರೆ ಬಿಟ್ಟುಕೊಟ್ಟು ಬಂದವನಿಗೆ, ನೀನು ಹಾಗೆ ಬಿಟ್ಟುಕೊಡುವುದು ಯಾರಿಗೂ ಬೇಕಿರಲಿಲ್ಲ ಎಂದು ಹೇಗೆ ಹೇಳುವುದು? ಕರುಣೆ ಎಂದುಕೊಂಡ ಅದನ್ನು. ಅಳುಕು ಕೂಡ ಇತ್ತು.

"ದೊಡ್ಡ ಮನಸ್ಸು ಮಾಡಿದೆ ಕಣೋ," ಎಂದ. ಅಷ್ಟೇ.

ಬೇಸಗೆಯಲ್ಲಿ ಒಂದು ದಿನ ಹಿಲಾರಿಯ ಮೇಜಿನ ಬಳಿ ಹೋಗಿ ನಿಂತ. ಹಿಲಾರಿ ಅಚ್ಚನ್ನು ಬಣ್ಣಕ್ಕೆ ಒತ್ತಿ, ಬಟ್ಟೆಯ ಮೇಲೆ ಇಟ್ಟು, ಹಿಡಿಯಿಂದ ಎರಡು ಗುದ್ದು ಗುದ್ದಿ ಎತ್ತುತ್ತಿದ್ದ. ಪ್ರತಿ ಗುದ್ದಿಗೂ ಮೇಜಿನ ಕಾಲು ನಡುಗುತ್ತಿತ್ತು.

"ಸಂಜೆ ನೀನು ಒಂದು ಗಂಟೆ ಮೊದಲೇ ಹೊರಡು. ಆಫ್ರಾ ಕಾಯ್ತಾಳೆ. ಕೂಲಿ ಅದೇ ಇರುತ್ತೆ."

ಹಿಲಾರಿ ಅಚ್ಚನ್ನು ಕೆಳಗಿಡಲೂ ಇಲ್ಲ. "ನಂಗೊಬ್ಬನಿಗೇನಾ?"

"ನಿನಗೊಬ್ಬನಿಗೆ."

"ಬೇಡಪ್ಪ. ಇವರೆಲ್ಲರ ಕೈ ಕೆಳಗಿಡಿಸಿದೋನು ನಾನು. ಇವರು ಇಲ್ಲಿ ಗುದ್ದುತಾ ಇರುವಾಗ ನಾನು ಮೆಲ್ಲಗೆ ಜಾರಿಕೊಂಡ್ರೆ, ನಾಳೆ ಯಾವ ಮುಖ ಇಟ್ಕೊಂಡು ಇಲ್ಲಿ ನಿಲ್ಲಲಿ? ಅವಳಿಗೂ ಹೇಳಿದೀನಿ. ಯೋಸ್ಟನಿಗೋಸ್ಕರ ಒಂದು ವರ್ಷ ತಡ್ಕೋ ಅಂತ."

"ಏನಂದ್ಲು?"

"ಆ ಯೋಸ್ಟನ ಜೊತೇನೇ ಸಂಸಾರ ಮಾಡು ಹೋಗು ಅಂದ್ಲು." ಗುದ್ದು, ಗುದ್ದು. "ಚೆನ್ನಾಗಿ ಬಯ್ದಳು ಅವತ್ತು. ಖುಷಿಯಾಯ್ತು ನಂಗೆ."

ಆಗಲೂ ಹೇಳಬಹುದಿತ್ತು. ಸುತ್ತ ಎಲ್ಲರೂ ಕೇಳುತ್ತಿದ್ದರು. ಯೋಸ್ಟ್ ಬಟ್ಟೆಯ ಅಂಚು ನೋಡುವವನ ಹಾಗೆ ನೋಡಿ, ಚೆನ್ನಾಗಿ ಬಂದಿದೆ ಎಂದು ಹೇಳಿ, ಹೊರಗೆ ಬಂದ.

ಹಿಮ ಬೀಳಲು ಶುರುವಾದ ಮೇಲೆ ಆಫ್ರಾ ಹೊರಗೆ ಕಾಣಿಸಿಕೊಳ್ಳಲಿಲ್ಲ. ಜನವರಿಯಲ್ಲಿ ತೀರಿಕೊಂಡಳು. ಮಣ್ಣು ಮಾಡಿದ ದಿನ ಹಿಲಾರಿ ಅಳಲಿಲ್ಲ. ತನ್ನ ಕೆಂಪು ಕೈಗಳನ್ನು ಎಲ್ಲಿಡುವುದೆಂದು ತಿಳಿಯದವನಂತೆ ಜೇಬಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ. ಯೋಸ್ಟನಿಗೆ ಆ ಜೇಬುಗಳನ್ನು ನೋಡಲಾಗಲಿಲ್ಲ.

ಆ ರಾತ್ರಿ ಊಟದ ಮೇಜಿನಲ್ಲಿ ರೆಗೂಲಾ ಕೇಳಿದಳು: "ಇನ್ನೂ ಹೇಳಿಲ್ಲ ಅಲ್ವಾ ನೀವು?"

"ಈಗ ಹೇಳಿದ್ರೆ ಅವನಿಗೆ ಏನು ಸಿಗುತ್ತೆ?"

"ಅವನಿಗೆ ಏನೂ ಸಿಗಲ್ಲ. ಹಾಗಂತ ಅದು ನಿಮ್ಮ ಹತ್ರ ಇಟ್ಕೊಳ್ಳೋ ಸಾಮಾನಲ್ಲ."

ಮುಂದಿನ ಮೇ ತಿಂಗಳಿಗೆ ಯೋಸ್ಟ್ ಯಜಮಾನಿಕೆ ಸಾಕೆಂದ. ಮೈಗೆ ಹುಷಾರಿಲ್ಲವೇ ಎಂದು ಊರವರು ಕೇಳಿದರು. ಕಣ್ಣು ಮಂಜಾಗಿದೆ ಎಂದು ಹೇಳಿದ, ಜನ ನಂಬಿದರು. ಸಭೆಯ ದಿನ ಹೊಸ ಯಜಮಾನ ಕತ್ತಿ ಹಿಡಿದು ಜಗಲಿ ಹತ್ತಿದಾಗ, ಯೋಸ್ಟ್ ಜನರ ನಡುವೆ ದಾರಿ ಮಾಡಿಕೊಂಡು ಕೊಳದ ಬಳಿ ಬಂದ. ಅಚ್ಚುಗಾರರು ಗಾಬರಿಯಿಂದ ಸರಿದು ಜಾಗ ಕೊಟ್ಟರು. ಹಿಲಾರಿಯ ಪಕ್ಕ ನಿಂತ.

"ಏನೋ, ಕೆಳಗಿಳಿದ ಮೇಲೆ ಕುಳ್ಳ ಕಾಣ್ತೀಯ," ಎಂದ ಹಿಲಾರಿ. ಆಫ್ರಾ ಹೋದ ಮೇಲೆ ಅವನು ಆಡಿದ ಮೊದಲ ತಮಾಷೆ ಅದು.

ಕೆಲಸದ ಹೊತ್ತಿನ ಕಾನೂನು ಮತ್ತೆ ಬಂತು. "ಬೇಕೆನ್ನುವವರು," ಎಂದ ಹೊಸ ಯಜಮಾನ.

ಯೋಸ್ಟ್ ಕೈ ಎತ್ತಿದ. ಬಣ್ಣ ಬಿಟ್ಟು ಎಷ್ಟೋ ಕಾಲವಾದ, ಬೆಳ್ಳಗಿನ, ನರ ಎದ್ದ ಕೈ. ತೋಳು ಪೂರ್ತಿ ಚಾಚಿ ಎತ್ತಿ ಹಿಡಿದ.

ಹಿಲಾರಿ ಆ ಕೈಯನ್ನು ನೋಡಿದ. ಆಮೇಲೆ ಅದರ ಕೆಳಗಿನ ಮುಖವನ್ನು ನೋಡಿದ. ಬಹಳ ಹೊತ್ತು ನೋಡಿದ.

"ಹೋದ ವರ್ಷ?" ಎಂದು ಕೇಳಿದ.

"ಹೋದ ವರ್ಷವೂ," ಎಂದ ಯೋಸ್ಟ್.

ಸುತ್ತ ಕೆಂಪು ಕೈಗಳು ಒಂದೊಂದೇ ಏಳತೊಡಗಿದವು. ಎಲ್ಲ ಎದ್ದ ಮೇಲೆ, ಕೊನೆಗೆ, ಹಿಲಾರಿಯ ಕೈಯೂ ಎದ್ದಿತು, ಭಾರವಾದದ್ದೇನೋ ಹಿಡಿದುಕೊಂಡ ಹಾಗೆ. ಹೊಸ ಯಜಮಾನ ಎರಡನೆಯ ಸಲ ನೋಡಬೇಕಾಗಲಿಲ್ಲ. "ಹೆಚ್ಚು," ಎಂದ. ಜನ ಟೋಪಿ ಹಾರಿಸಿದರು.

ಮಧ್ಯಾಹ್ನದ ಊಟಕ್ಕೆ ಯೋಸ್ಟನ ಪಕ್ಕದ ಕುರ್ಚಿ ಖಾಲಿಯೇ ಇತ್ತು.

ಕಾನೂನು ಜಾರಿಗೆ ಬಂದ ವಾರ, ಕಾರ್ಖಾನೆಯ ಗಂಟೆ ಹೊಡೆದಾಗ ಹೊರಗೆ ಇನ್ನೂ ಬಿಸಿಲಿತ್ತು. ಜನ ಬಾಗಿಲಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತು, ಎತ್ತ ಹೋಗಬೇಕೆಂದು ಮರೆತವರಂತೆ ನಗುತ್ತಿದ್ದರು. ಹಿಲಾರಿ ಯಾರ ಜೊತೆಯೂ ನಿಲ್ಲದೆ ಗುಡ್ಡದ ದಾರಿ ಹಿಡಿದ. ಸ್ವಲ್ಪ ಹೊತ್ತು ಬಿಟ್ಟು ಯೋಸ್ಟನೂ ಹತ್ತಿದ. ನಡುವೆ ಎರಡು ಕಡೆ ನಿಂತು ಉಸಿರು ಎಳೆದುಕೊಂಡ.

ಮನೆಯ ಮುಂದೆ ಬೆಂಚು. ಹಿಲಾರಿ ಅದರ ಒಂದು ತುದಿಯಲ್ಲಿ ಕೂತಿದ್ದ. ಇನ್ನೊಂದು ತುದಿ ಖಾಲಿ. ಅಲ್ಲಿ ಹಲಗೆ ಉಜ್ಜಿ ಉಜ್ಜಿ ನುಣುಪಾಗಿತ್ತು. ಬಿಸಿಲು ಎರಡೂ ತುದಿಯ ಮೇಲೆ ಒಂದೇ ಸಮ ಬಿದ್ದಿತ್ತು.

"ಅವತ್ತು ಅಡುಗೆಮನೇಲೇ ಹೇಳಬೇಕಿತ್ತು ಹಿಲಾರಿ," ಎಂದ ಯೋಸ್ಟ್.

"ಹೂಂ."

"ಊಟದ ದಿನವಾದ್ರೂ. ನೀನು ಅಷ್ಟು ಖುಷೀಲಿದ್ದೆ."

"ಇದ್ದೆ," ಎಂದ ಹಿಲಾರಿ. "ಮನೆಗೆ ಬಂದು ಅವಳಿಗೂ ಹೇಳಿದ್ದೆ. ನಮ್ಮ ಯೋಸ್ಟನ ಮಾನ ಉಳಿಸಿದೆ ಕಣೇ ಅಂತ. ಸಾಯೋವರೆಗೂ ಅವಳು ಹಾಗೇ ಅಂದ್ಕೊಂಡಿದ್ಲು. ಬಯ್ತಾ ಬಯ್ತಾನೇ."

ಗ್ಲಾರ್ನಿಷ್ ಬೆಟ್ಟದ ನೆರಳು ಕೆಳಗೆ ನದಿ ದಾಟಿ ಗೋಪುರದ ಬುಡಕ್ಕೆ ಬಂದಿತ್ತು. ಯೋಸ್ಟನ ಕಾಲು ನೋಯುತ್ತಿತ್ತು. ಖಾಲಿ ಜಾಗವನ್ನು ನೋಡಿದ, ಹಿಲಾರಿಯನ್ನು ನೋಡಿದ.

"ಕೂತ್ಕೊಳ್ಳಲಾ?"

ಹಿಲಾರಿ ಬಿಸಿಲಿಗೆ ಮುಖ ಒಡ್ಡಿಕೊಂಡು ಕಣ್ಣು ಮುಚ್ಚಿದ್ದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಅದು ನಾನು ಹೇಳೋ ಮಾತಲ್ಲ ಯೋಸ್ಟ್. ನಿನಗೆ ಹೇಗೆ ಅನ್ನಿಸುತ್ತೋ ಹಾಗೆ ಮಾಡು."

ಯೋಸ್ಟ್ ನಿಂತೇ ಇದ್ದ. ನೆರಳು ಹೊಲ ಹತ್ತಿತು, ಬೇಲಿ ದಾಟಿತು, ಬೆಂಚಿನ ಕಾಲು ಮುಟ್ಟಿತು. ಹಿಲಾರಿ ಕಣ್ಣು ತೆರೆದು ಎದ್ದು, ಖಾಲಿ ತುದಿಯ ಮೇಲೆ ಒಮ್ಮೆ ಕೈಯಾಡಿಸಿ, ಒಳಗೆ ಹೋದ.